ಸಸ್ಪೆಂಡ್ ಆದ ಲ್ಯಾಪ್‌ಟಾಪ್ ಮತ್ತೆ ಏಳುತ್ತಿಲ್ಲ, ಲಾಗ್‌ನಲ್ಲೂ ಏನೂ ಉಳಿಯುತ್ತಿಲ್ಲ: ದೋಷ ಎಲ್ಲಿದೆಯೆಂದು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಾತ್ರ ಇದೆ. ಮುಚ್ಚಳ ಮುಚ್ಚಿದಾಗ ಯಂತ್ರ ಸಸ್ಪೆಂಡ್ ಸ್ಥಿತಿಗೆ (ಕೆಲಸವನ್ನು ರ‍್ಯಾಮ್‌ನಲ್ಲಿ ಉಳಿಸಿಕೊಂಡು ಮಲಗುವ ಸ್ಥಿತಿ) ಸರಿಯಾಗಿಯೇ ಹೋಗುತ್ತದೆ: ಫ್ಯಾನ್ ನಿಲ್ಲುತ್ತದೆ, ಪವರ್ ದೀಪ ನಿಧಾನವಾಗಿ ಮಿನುಗತೊಡಗುತ್ತದೆ. ಮುಚ್ಚಳ ತೆರೆದಾಗ ದೀಪ ಸ್ಥಿರವಾಗುತ್ತದೆ, ಫ್ಯಾನ್ ತಿರುಗುತ್ತದೆ, ಆದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹೊತ್ತಿಕೊಳ್ಳುವುದಿಲ್ಲ. ಇನ್ನೊಂದು ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ (ಎಸ್‌ಎಸ್‌ಎಚ್) ಒಳಹೋಗಲು ಯತ್ನಿಸಿದರೂ ಉತ್ತರವಿಲ್ಲ. ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸುವುದೊಂದೇ ದಾರಿಯಾಗಿದೆ.

ಮತ್ತೆ ಬೂಟ್ ಮಾಡಿ ಹಿಂದಿನ ಬೂಟ್‌ನ ಜರ್ನಲ್ (ಲಾಗ್) ನೋಡಿದರೆ ಕೊನೆಯ ಸಾಲು ‘ಪಿಎಂ: ಸಸ್ಪೆಂಡ್ ಎಂಟ್ರಿ’ ಎಂಬುದೇ ಆಗಿರುತ್ತದೆ, ಅದರ ನಂತರ ಒಂದಕ್ಷರವೂ ಇರುವುದಿಲ್ಲ. ‘/ಸಿಸ್/ಪವರ್/ಮೆಮ್_ಸ್ಲೀಪ್’ ಕಡತದಲ್ಲಿ ‘ಎಸ್2ಐಡಲ್’ ಮತ್ತು ‘ಡೀಪ್’ ಎಂಬ ಎರಡು ಬಗೆಯ ನಿದ್ದೆಗಳೂ ಕಾಣುತ್ತವೆ, ಆಯ್ಕೆಯಾಗಿರುವುದು ‘ಡೀಪ್’. ಹಿಂದಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಇದ್ದಾಗ ಈ ತೊಂದರೆ ಇರಲಿಲ್ಲ, ಹೊಸ ಕರ್ನೆಲ್ ಹಾಕಿಕೊಂಡ ಮೇಲೆ ಶುರುವಾಯಿತು.

ಹೈಬರ್ನೇಟ್ (ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಪೂರ್ತಿ ಆರುವುದು) ಕೂಡ ಸರಿಯಿಲ್ಲ, ಆದರೆ ಅದರ ಲಕ್ಷಣ ಬೇರೆ. ಯಂತ್ರ ಸ್ವಲ್ಪ ಹೊತ್ತು ಡಿಸ್ಕ್‌ಗೆ ಬರೆದು ತಾನಾಗಿ ಆರುತ್ತದೆ. ಮತ್ತೆ ಆನ್ ಮಾಡಿದರೆ, ಮಾಡುತ್ತಿದ್ದ ಕೆಲಸ ಮರಳುವ ಬದಲು ಹೊಸದಾಗಿಯೇ ಬೂಟ್ ಆಗಿ ಲಾಗಿನ್ ಪರದೆ ಬರುತ್ತದೆ. ರ‍್ಯಾಮ್ 16 ಜಿಬಿ, ಸ್ವಾಪ್ ಪಾರ್ಟಿಷನ್ (ರ‍್ಯಾಮ್‌ನ ಮಾಹಿತಿ ಇಡುವ ಡಿಸ್ಕ್‌ನ ಭಾಗ) ಕೂಡ 16 ಜಿಬಿ.

ಹುಡುಕಿದಲ್ಲೆಲ್ಲ ಯಾವುದೋ ಬೂಟ್ ಪ್ಯಾರಾಮೀಟರ್ ಸೇರಿಸಿ ನೋಡಿ ಎಂಬ ಸಲಹೆಗಳೇ ಸಿಗುತ್ತವೆ, ಅದು ಏನು ಮಾಡುತ್ತದೆ ಎಂಬ ವಿವರಣೆ ಸಿಗುವುದಿಲ್ಲ. ದೋಷ ಕರ್ನೆಲ್‌ನ ಯಾವ ಹಂತದಲ್ಲಿ, ಯಾವ ಸಾಧನದ ಡ್ರೈವರ್‌ನಲ್ಲಿ ಇದೆ ಎಂದು ಕ್ರಮವಾಗಿ ಕಂಡುಕೊಳ್ಳುವ ವಿಧಾನವನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಸಿ ಭಾಷೆ ಗೊತ್ತಿದೆ, ಕರ್ನೆಲ್ ಕಂಪೈಲ್ ಮಾಡಿಕೊಳ್ಳಬಲ್ಲೆ.

ಉತ್ತರ: ಪುಟಸಂಖ್ಯೆ

ಲಾಗ್ ಏಕೆ ಖಾಲಿ ಇರುತ್ತದೆ ಎಂಬುದನ್ನು ಮೊದಲು ನೋಡೋಣ. ಸಸ್ಪೆಂಡ್ ಆರಂಭವಾದೊಡನೆ ಕರ್ನೆಲ್ ಕಡತ ವ್ಯವಸ್ಥೆಗಳನ್ನು ಸಿಂಕ್ ಮಾಡಿ, ಬಳಕೆದಾರರ ಪ್ರೋಸೆಸ್‌ಗಳನ್ನೆಲ್ಲ ಸ್ತಬ್ಧಗೊಳಿಸುತ್ತದೆ. ಲಾಗ್ ಬರೆಯುವ ಜರ್ನಲ್ ಸೇವೆಯೂ ಅಂಥದ್ದೇ ಒಂದು ಪ್ರೋಸೆಸ್ ಆದ್ದರಿಂದ ಅದೂ ಅಲ್ಲಿಗೇ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಡಿಸ್ಕ್ ಕೂಡ ಮಲಗುತ್ತದೆ. ಆಮೇಲಿನ ಸಂದೇಶಗಳೆಲ್ಲ ರ‍್ಯಾಮ್‌ನಲ್ಲಿರುವ ಕರ್ನೆಲ್ ಬಫರ್‌ನಲ್ಲಷ್ಟೇ ಸೇರುತ್ತವೆ, ನೀವು ಗುಂಡಿ ಒತ್ತಿ ಹಿಡಿದ ಕ್ಷಣದಲ್ಲಿ ಅಳಿದುಹೋಗುತ್ತವೆ. ಆದ್ದರಿಂದ ಲಾಗ್‌ನ ಕೊನೆಯ ಸಾಲನ್ನು ನೋಡಿ ‘ಇಲ್ಲಿಯೇ ನಿಂತಿತು’ ಎಂದು ತೀರ್ಮಾನಿಸಬಾರದು.

ನೀವು ಕ್ಯಾಪ್ಸ್ ಲಾಕ್ ಮತ್ತು ಎಸ್‌ಎಸ್‌ಎಚ್ ಎರಡನ್ನೂ ಪರೀಕ್ಷಿಸಿರುವುದು ತುಂಬ ಉಪಯುಕ್ತವಾಯಿತು. ಆ ದೀಪ ಹೊತ್ತಿಕೊಂಡಿದ್ದರೆ, ಅಥವಾ ನೆಟ್‌ವರ್ಕ್ ಮೂಲಕ ಒಳಹೋಗಲು ಆಗಿದ್ದರೆ, ಕರ್ನೆಲ್ ಎದ್ದಿದೆ, ಪರದೆ ಮಾತ್ರ ಏಳಲಿಲ್ಲ ಎಂದಾಗುತ್ತಿತ್ತು; ಆಗ ಗ್ರಾಫಿಕ್ಸ್ ಡ್ರೈವರ್ ಕಡೆ ಮಾತ್ರ ನೋಡಿದರೆ ಸಾಕಿತ್ತು. ಎರಡೂ ಇಲ್ಲದಿರುವಾಗ ಇಡೀ ರೆಸ್ಯೂಮ್ (ಮತ್ತೆ ಏಳುವ) ದಾರಿಯಲ್ಲಿ ಎಲ್ಲೋ ಕರ್ನೆಲ್ ಸಿಕ್ಕಿಕೊಂಡಿದೆ ಎಂದೇ ಹಿಡಿಯಬೇಕು.

ಆ ದಾರಿ ಹೀಗಿದೆ. ಪ್ರೋಸೆಸ್‌ಗಳು ಸ್ತಬ್ಧವಾದ ಮೇಲೆ ಪ್ರತಿಯೊಂದು ಸಾಧನದ ಡ್ರೈವರ್‌ಗೂ ಕ್ರಮವಾಗಿ ‘ಪ್ರಿಪೇರ್’, ‘ಸಸ್ಪೆಂಡ್’, ‘ಸಸ್ಪೆಂಡ್ ಲೇಟ್’, ‘ಸಸ್ಪೆಂಡ್ ನೋ-ಐಆರ್‌ಕ್ಯೂ’ ಎಂಬ ನಾಲ್ಕು ಸುತ್ತಿನ ಕರೆಗಳು ಹೋಗುತ್ತವೆ. ಕೊನೆಯ ಸುತ್ತಿನ ಹೊತ್ತಿಗೆ ಸಾಧನಗಳ ಇಂಟರಪ್ಟ್‌ಗಳು (ಸಿಪಿಯುವಿನ ಗಮನ ಸೆಳೆಯುವ ಸಂಕೇತಗಳು) ನಿಂತಿರುತ್ತವೆ. ನಂತರ ಬೂಟ್ ಸಿಪಿಯು ಒಂದನ್ನು ಬಿಟ್ಟು ಉಳಿದ ಸಿಪಿಯುಗಳು ಆಫ್‌ಲೈನ್ ಆಗುತ್ತವೆ, ಟೈಮರ್, ಇಂಟರಪ್ಟ್ ಕಂಟ್ರೋಲರ್ ಮುಂತಾದ ವ್ಯವಸ್ಥೆಯ ಮೂಲ ಭಾಗಗಳು ಮಲಗುತ್ತವೆ, ಕೊನೆಗೆ ಎಸಿಪಿಐ (ವಿದ್ಯುತ್ ನಿರ್ವಹಣೆಯ ಮಾನದಂಡ) ಮೂಲಕ ಫರ್ಮ್‌ವೇರ್‌ಗೆ (ಯಂತ್ರದಲ್ಲೇ ಅಡಕವಾದ ಮೂಲ ತಂತ್ರಾಂಶ) ಯಂತ್ರ ಒಪ್ಪಿಸಲಾಗುತ್ತದೆ. ಏಳುವಾಗ ಇದೇ ದಾರಿ ಹಿಮ್ಮುಖವಾಗಿ ನಡೆಯುತ್ತದೆ. ಗದ್ದೆಗೆ ನೀರು ಬರುತ್ತಿಲ್ಲವೆಂದರೆ ಕಾಲುವೆಯುದ್ದಕ್ಕೂ ಒಂದೊಂದು ತೂಬಿನ ಬಳಿ ನಿಂತು ಇಲ್ಲಿಯವರೆಗೆ ಬಂದಿದೆಯೇ ಎಂದು ನೋಡಿಕೊಂಡು ಹೋಗುವಂತೆ ಇಲ್ಲಿಯೂ ಹಂತ ಹಂತವಾಗಿ ನೋಡಬೇಕು. ಅದಕ್ಕೆಂದೇ ಕರ್ನೆಲ್‌ನಲ್ಲಿ ‘/ಸಿಸ್/ಪವರ್/ಪಿಎಂ_ಟೆಸ್ಟ್’ ಎಂಬ ಕಡತವಿದೆ. ಕರ್ನೆಲ್ ಅನ್ನು ‘ಕಾನ್ಫಿಗ್_ಪಿಎಂ_ಡೀಬಗ್’ ಇಟ್ಟು ಕಟ್ಟಿದ್ದರೆ ಮಾತ್ರ ಅದು ಕಾಣುತ್ತದೆ.

ಅದರಲ್ಲಿ ‘ಫ್ರೀಜರ್’ ಎಂದು ಬರೆದು ಸಸ್ಪೆಂಡ್ ಮಾಡಿದರೆ, ಕರ್ನೆಲ್ ಪ್ರೋಸೆಸ್‌ಗಳನ್ನು ಮಾತ್ರ ಸ್ತಬ್ಧಗೊಳಿಸಿ, 5 ಸೆಕೆಂಡ್ ಕಾದು, ನಿದ್ದೆಗೆ ಹೋಗದೆ ಮರಳಿ ಬರುತ್ತದೆ. ‘ಡಿವೈಸಸ್’ ಎಂದರೆ ಸಾಧನಗಳನ್ನೂ ಮಲಗಿಸಿ ಎಬ್ಬಿಸುತ್ತದೆ. ‘ಪ್ಲಾಟ್‌ಫಾರ್ಮ್’ ಎಂದರೆ ಅದಕ್ಕೆ ಎಸಿಪಿಐಯ ಸಿದ್ಧತಾ ವಿಧಾನಗಳು ಸೇರುತ್ತವೆ, ‘ಪ್ರೊಸೆಸರ್ಸ್’ ಎಂದರೆ ಉಳಿದ ಸಿಪಿಯುಗಳೂ ನಿಂತು ಮರಳುತ್ತವೆ, ‘ಕೋರ್’ ಎಂದರೆ ಫರ್ಮ್‌ವೇರ್‌ಗೆ ಒಪ್ಪಿಸುವ ಕೊನೆಯ ಹೆಜ್ಜೆಯೊಂದನ್ನು ಬಿಟ್ಟು ಎಲ್ಲವೂ ನಡೆಯುತ್ತದೆ. ಈ ಕ್ರಮದಲ್ಲಿಯೇ ಒಂದೊಂದನ್ನೂ ಹಲವು ಸಲ ಮಾಡಿ ನೋಡಿ. ಪ್ರತಿ ಸಲ ಮುಚ್ಚಳ ಮುಚ್ಚಿ ತೆರೆಯಬೇಕಿಲ್ಲ, ‘/ಸಿಸ್/ಪವರ್/ಸ್ಟೇಟ್’ ಕಡತಕ್ಕೆ ‘ಮೆಮ್’ ಎಂದು ಬರೆದರಾಯಿತು. ಮುಗಿದ ಮೇಲೆ ‘ನನ್’ ಎಂದು ಬರೆದು ಪರೀಕ್ಷಾ ಸ್ಥಿತಿಯಿಂದ ಹೊರಬನ್ನಿ.

ಪರೀಕ್ಷೆಗೆ ಮುನ್ನ ಬೂಟ್ ಸಾಲಿಗೆ ‘ನೋ_ಕನ್ಸೋಲ್_ಸಸ್ಪೆಂಡ್’ ಮತ್ತು ‘ಇನಿಟ್‌ಕಾಲ್_ಡೀಬಗ್’ ಸೇರಿಸಿಕೊಳ್ಳಿ. ಮೊದಲನೆಯದು ಸಾಧನಗಳು ಮಲಗುವಾಗಲೂ ಕನ್ಸೋಲ್ ಅನ್ನು ಜೀವಂತವಾಗಿಡುತ್ತದೆ. ಎರಡನೆಯದು ಯಾವ ಸಾಧನದ ಯಾವ ಕರೆ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದನ್ನು ಸಾಲುಸಾಲಾಗಿ ಬರೆಯುತ್ತದೆ.

ಉತ್ತರ: ಕೊಡಚಾದ್ರಿ

ಇಷ್ಟೆಲ್ಲ ಮಾಡುವ ಮೊದಲು ಬೂಟ್ ಸಾಲಿನಲ್ಲಿ ‘ಮೆಮ್_ಸ್ಲೀಪ್_ಡೀಫಾಲ್ಟ್’ ಪ್ಯಾರಾಮೀಟರಿಗೆ ‘ಎಸ್2ಐಡಲ್’ ಎಂಬ ಬೆಲೆ ಕೊಟ್ಟು ನೋಡಬಹುದು. ಆ ವಿಧಾನದಲ್ಲಿ ಯಂತ್ರವನ್ನು ಫರ್ಮ್‌ವೇರ್‌ಗೆ ಒಪ್ಪಿಸುವ ಹೆಜ್ಜೆಯೇ ಇಲ್ಲ. ಸಾಧನಗಳು ಮಲಗುತ್ತವೆ, ಸಿಪಿಯುಗಳು ಆಳವಾದ ಐಡಲ್ ಸ್ಥಿತಿಯಲ್ಲಿ ಕಾಯುತ್ತವೆ. ನನ್ನ ಹಳೆಯ ಯಂತ್ರದಲ್ಲಿ ಇಂಥದೇ ತೊಂದರೆ ಇತ್ತು, ಹೀಗೆ ಬದಲಿಸಿಕೊಂಡ ಮೇಲೆ ಹೋಯಿತು. ಬ್ಯಾಟರಿ ಮಾತ್ರ ರಾತ್ರಿಯಿಡೀ ಎಷ್ಟು ಇಳಿಯುತ್ತದೆ ಎಂದು ಗಮನಿಸಬೇಕಾಗುತ್ತದೆ. ಇಂಟೆಲ್ ಯಂತ್ರವಾದರೆ ‘ಸಿಪಿಯುಐಡಲ್’ ಡೈರೆಕ್ಟರಿಯಲ್ಲಿ ‘ಲೋ_ಪವರ್_ಐಡಲ್_ಸಿಸ್ಟಮ್_ರೆಸಿಡೆನ್ಸಿ_ಯುಎಸ್’ ಎಂಬ ಎಣಿಕೆ ಸಿಗುತ್ತದೆ. ಸಸ್ಪೆಂಡ್‌ಗೆ ಮುಂಚೆಯೂ ನಂತರವೂ ಆ ಸಂಖ್ಯೆ ಒಂದೇ ಆಗಿದ್ದರೆ, ಯಂತ್ರ ನಿಜವಾಗಿ ಆಳದ ನಿದ್ದೆಗೆ ಇಳಿದೇ ಇಲ್ಲ ಎಂದರ್ಥ.

ಉತ್ತರ: ಪುಟಸಂಖ್ಯೆ

ಕೊಡಚಾದ್ರಿ ಅವರ ಸಲಹೆ ದಿನನಿತ್ಯದ ಬಳಕೆಗೆ ಸರಿಯೇ. ತುರ್ತಾಗಿ ಯಂತ್ರ ಬೇಕಿರುವವರು ಹಾಗೆ ಮಾಡಿಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಹಿಂದಿನ ಕರ್ನೆಲ್‌ನಲ್ಲಿ ‘ಡೀಪ್’ ಸರಿಯಾಗಿತ್ತು ಎಂದು ಪ್ರಶ್ನೆ ಕೇಳಿದವರು ಬರೆದಿದ್ದಾರೆ. ಅಂದರೆ ಯಂತ್ರಾಂಶಕ್ಕೆ ಆ ಸಾಮರ್ಥ್ಯವಿದೆ, ಸರಿಯಿದ್ದುದನ್ನು ನಡುವೆ ಬಂದ ಒಂದು ಬದಲಾವಣೆ ಕೆಡಿಸಿದೆ. ಅದು ಯಾವುದೆಂದು ಕಂಡುಹಿಡಿದು ತಿಳಿಸಿದರೆ ಅದೇ ಸಾಧನವಿರುವ ಎಲ್ಲ ಯಂತ್ರಗಳೂ ಸರಿಯಾಗುತ್ತವೆ. ದಾರಿ ತಪ್ಪಿಸಿ ಹೋದರೆ ದೋಷ ಅಲ್ಲಿಯೇ ಉಳಿಯುತ್ತದೆ. ಹುಡುಕುವ ಆಸಕ್ತಿ, ಕರ್ನೆಲ್ ಕಟ್ಟುವ ಅಭ್ಯಾಸ ಎರಡೂ ಇರುವವರು ಸಿಕ್ಕಿರುವಾಗ ಹುಡುಕಿಯೇ ಬಿಡೋಣ ಎಂಬುದು ನನ್ನ ಅಭಿಪ್ರಾಯ.

ಹೇಮಾವತಿ_ತೀರ

ಇಬ್ಬರಿಗೂ ಧನ್ಯವಾದಗಳು. ಐದೂ ಹಂತಗಳನ್ನು ಕ್ರಮವಾಗಿ ಮಾಡಿ ನೋಡಿದೆ. ‘ಫ್ರೀಜರ್’ನಿಂದ ‘ಕೋರ್’ವರೆಗೆ ಪ್ರತಿಯೊಂದರಲ್ಲೂ ಯಂತ್ರ 5 ಸೆಕೆಂಡ್ ಕಾದು ಸರಿಯಾಗಿ ಮರಳಿತು, ಲಾಗ್‌ನಲ್ಲಿ ಯಾವ ದೋಷಸಂದೇಶವೂ ಇಲ್ಲ. ‘ನನ್’ ಎಂದು ಬರೆದು ನಿಜವಾದ ಸಸ್ಪೆಂಡ್ ಮಾಡಿದರೆ ಮಾತ್ರ ಮತ್ತೆ ಅದೇ ಕಪ್ಪು ಪರದೆ. ಹಾಗಾದರೆ ಇದು ಫರ್ಮ್‌ವೇರ್‌ನ ದೋಷವೆಂದು ತಿಳಿಯಬೇಕೇ?

ಉತ್ತರ: ಪುಟಸಂಖ್ಯೆ

ಫರ್ಮ್‌ವೇರ್ ಇರಬಹುದು, ಆದರೆ ಅಷ್ಟಕ್ಕೇ ಹಾಗೆಂದು ಹೇಳಲು ಬರುವುದಿಲ್ಲ. ಪಿಎಂ_ಟೆಸ್ಟ್‌ನಲ್ಲಿ ಸಾಧನಗಳಿಗೆ ಮಲಗು, ಏಳು ಎಂಬ ಕರೆಗಳು ಹೋಗುತ್ತವೆಯೇ ಹೊರತು ಯಂತ್ರ ಎಸ್3 ಸ್ಥಿತಿಗೆ, ಅಂದರೆ ನಿಜವಾದ ‘ಡೀಪ್’ ನಿದ್ದೆಗೆ, ಇಳಿಯುವುದಿಲ್ಲ. ಪಿಸಿಐ (ಒಳಗಿನ ಸಾಧನಗಳನ್ನು ಸಿಪಿಯುಗೆ ಜೋಡಿಸುವ ಬಸ್) ಸಾಧನವೊಂದು ಹೆಚ್ಚೆಂದರೆ ‘ಡಿ3ಹಾಟ್’ ಎಂಬ ಸ್ಥಿತಿಗೆ ಹೋಗಿ ಬಂದಿರುತ್ತದೆ, ಅದಕ್ಕೆ ಬರುವ ವಿದ್ಯುತ್ ಸಾಮಾನ್ಯವಾಗಿ ಕಡಿದಿರುವುದಿಲ್ಲ, ಅದರ ರಿಜಿಸ್ಟರುಗಳಲ್ಲಿನ ಮಾಹಿತಿಯೂ ಬಹುಪಾಲು ಉಳಿದಿರಬಹುದು. ನಿಜವಾದ ಎಸ್3ಯಲ್ಲಿ ರ‍್ಯಾಮ್ ಬಿಟ್ಟು ಬಹುತೇಕ ಎಲ್ಲದರ ವಿದ್ಯುತ್ ಹೋಗುತ್ತದೆ. ಎದ್ದ ಸಾಧನ ಆಗಷ್ಟೇ ಆನ್ ಆದ ಸ್ಥಿತಿಯಲ್ಲಿರುತ್ತದೆ. ಡ್ರೈವರ್ ಅದನ್ನು ಮೊದಲಿನಿಂದ ಸಜ್ಜುಗೊಳಿಸದೆ, ಹಿಂದಿನ ಸ್ಥಿತಿ ಉಳಿದಿದೆ ಎಂದು ನಂಬಿದರೆ ಐದು ಪರೀಕ್ಷೆಗಳೂ ಪಾಸಾಗಿ ಆರನೆಯದಾದ ನಿಜದ ಸಸ್ಪೆಂಡ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ನನಗೆ ಇದರ ಮೇಲೆಯೇ ಹೆಚ್ಚು ಅನುಮಾನ.

ಈಗ ಬಳಸಬೇಕಾದದ್ದು ‘/ಸಿಸ್/ಪವರ್/ಪಿಎಂ_ಟ್ರೇಸ್’. ಇದನ್ನು 2006ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರೇ ಬರೆದದ್ದು, ಅದರ ಉಪಾಯ ವಿವರಿಸುವಷ್ಟು ಸೊಗಸಾಗಿದೆ. ಏಳುವಾಗ ಸಿಕ್ಕಿಕೊಂಡ ಯಂತ್ರ ತಾನು ಎಲ್ಲಿದ್ದೆ ಎಂಬುದನ್ನು ಎಲ್ಲಿ ಬರೆದಿಡಬೇಕು? ರ‍್ಯಾಮ್ ಅಳಿಯುತ್ತದೆ, ಡಿಸ್ಕ್ ಇನ್ನೂ ಎದ್ದಿಲ್ಲ. ಬಲವಂತವಾಗಿ ಆರಿಸಿ ಮತ್ತೆ ಆನ್ ಮಾಡಿದರೂ ಮಾಹಿತಿ ಉಳಿಯುವ ಒಂದು ಜಾಗವೆಂದರೆ ಬ್ಯಾಟರಿಯಿಂದ ನಡೆಯುವ ಗಡಿಯಾರದ ಚಿಪ್, ಅಂದರೆ ಆರ್‌ಟಿಸಿ. ಆ ಚಿಪ್‌ನಲ್ಲಿರುವ ಪ್ರತ್ಯೇಕ ಸ್ಮೃತಿಯನ್ನು ಬೂಟ್ ಆಗುವಾಗ ಫರ್ಮ್‌ವೇರ್ ಅಳಿಸಿಬಿಡಬಹುದಾದ್ದರಿಂದ, ದಿನಾಂಕ ಮತ್ತು ಸಮಯವನ್ನೇ ಮಾಹಿತಿ ತುಂಬುವ ಪೆಟ್ಟಿಗೆಯಾಗಿ ಬಳಸಲಾಗುತ್ತದೆ. ವರ್ಷಕ್ಕೆ 100 ಬೆಲೆಗಳು, ತಿಂಗಳಿಗೆ 12, ದಿನಕ್ಕೆ 28, ಗಂಟೆಗೆ 24, ಗಡಿಯಾರ ಓಡುತ್ತಲೇ ಇರುವುದರಿಂದ ನಿಮಿಷಕ್ಕೆ ಮೂರು ಮೂರರ ಅಂತರದಲ್ಲಿ 20: ಒಟ್ಟು 1,61,28,000 ಬೆಲೆಗಳು, 24 ಬಿಟ್‌ಗಿಂತಲೂ ಸ್ವಲ್ಪ ಕಡಿಮೆ. ಅಷ್ಟರೊಳಗೆ ಕಡತದ ಹೆಸರು ಮತ್ತು ಸಾಲುಸಂಖ್ಯೆಯ ಹ್ಯಾಶ್ (ಅವುಗಳಿಂದ ಲೆಕ್ಕ ಹಾಕಿದ ಸಣ್ಣ ಸಂಖ್ಯೆ), ಸಾಧನದ ಹೆಸರಿನ ಹ್ಯಾಶ್ ಎರಡನ್ನೂ ಅಡಕಗೊಳಿಸಲಾಗಿದೆ.

ಬಳಸುವ ಕ್ರಮ ಹೀಗೆ. ಆ ಕಡತಕ್ಕೆ 1 ಎಂದು ಬರೆದು ಸಸ್ಪೆಂಡ್ ಮಾಡಿ, ಎಬ್ಬಿಸಿ. ಕಪ್ಪು ಪರದೆ ಬಂದ ಮೇಲೆ ಅರ್ಧ ನಿಮಿಷ ಕಾದು, ಗುಂಡಿ ಒತ್ತಿ ಹಿಡಿದು ಆರಿಸಿ, ತಡಮಾಡದೆ ಅದೇ ಕರ್ನೆಲ್ ಅನ್ನು ಬೂಟ್ ಮಾಡಿ. ಸಿಕ್ಕಿಕೊಂಡ ಹೊತ್ತಿನಿಂದ 3 ನಿಮಿಷ ದಾಟಿದರೆ ಗಡಿಯಾರ ಮುಂದೆ ಸರಿದು ಮಾಹಿತಿ ಕೆಡುತ್ತದೆ. ಬೂಟ್ ಮೆನುವಿನಲ್ಲಿ ಕಾಯುವ ಸಮಯ, ಡಿಸ್ಕ್ ಪಾಸ್‌ವರ್ಡ್ ಕೇಳುವ ಸಮಯ ಎಲ್ಲವೂ ಇದರೊಳಗೇ ಸೇರಬೇಕು. ಡಿಮೆಸೇಜ್‌ನಲ್ಲಿ (ಕರ್ನೆಲ್ ಸಂದೇಶಗಳ ಪಟ್ಟಿ) ‘ಮ್ಯಾಜಿಕ್ ನಂಬರ್’ ಎಂಬ ಸಾಲನ್ನೂ ಅದರ ಕೆಳಗೆ ‘ಹ್ಯಾಶ್ ಮ್ಯಾಚಸ್’ ಎಂಬ ಸಾಲುಗಳನ್ನೂ ಹುಡುಕಿ. ಮಾಡ್ಯೂಲ್ (ಬೇಕಾದಾಗ ಸೇರಿಸಿ ತೆಗೆಯಬಹುದಾದ ಕರ್ನೆಲ್ ಭಾಗ) ಆಗಿ ತಡವಾಗಿ ಲೋಡ್ ಆಗುವ ಸಾಧನಗಳು ಅಲ್ಲಿ ಕಾಣದಿರಬಹುದು, ಅದಕ್ಕಾಗಿ ಬೂಟ್ ಪೂರ್ಣಗೊಂಡ ಮೇಲೆ ‘/ಸಿಸ್/ಪವರ್/ಪಿಎಂ_ಟ್ರೇಸ್_ಡೆವ್_ಮ್ಯಾಚ್’ ಕಡತವನ್ನೂ ಓದಿ.

ಎರಡು ಎಚ್ಚರಿಕೆಗಳಿವೆ. ಗಡಿಯಾರ ಅಸ್ತವ್ಯಸ್ತವಾಗಿರುತ್ತದೆ, ಅದನ್ನು ಸರಿಪಡಿಸುವವರೆಗೆ ವೆಬ್ ಪ್ರಮಾಣಪತ್ರಗಳು ಅಸಿಂಧುವಾಗಿ ಕಾಣಬಹುದು, ನಿಗದಿತ ಸಮಯದ ಕೆಲಸಗಳು ತಪ್ಪಾದ ಹೊತ್ತಿಗೆ ಓಡಬಹುದು. ಇನ್ನೊಂದು, ಸಾಧನದ ಹ್ಯಾಶ್‌ಗೆ ಇರುವುದು 1009 ಬೆಲೆಗಳಷ್ಟೇ. ಒಂದು ಲ್ಯಾಪ್‌ಟಾಪಿನಲ್ಲಿ ನೂರಾರು ಸಾಧನಗಳು ನೋಂದಣಿಯಾಗಿರುವಾಗ ಎರಡು ಹೆಸರುಗಳು ಒಂದೇ ಬೆಲೆಗೆ ಬೀಳುವ ಸಾಧ್ಯತೆ ಸಾಕಷ್ಟಿದೆ. ಬಂದ ಹೆಸರನ್ನು ಸಾಕ್ಷಿಯೆಂದು ಹಿಡಿಯಬೇಕು, ತೀರ್ಪು ಎಂದಲ್ಲ.

ಹೇಮಾವತಿ_ತೀರ

ಪಿಎಂ_ಟ್ರೇಸ್ ಕೆಲಸ ಮಾಡಿತು. ಕಡತದ ಸಾಲಿನಲ್ಲಿ ‘ಡ್ರೈವರ್ಸ್/ಬೇಸ್/ಪವರ್/ಮೇನ್.ಸಿ’ ಎಂದು ಬಂದಿದೆ. ಆ ಸಾಲುಸಂಖ್ಯೆಯನ್ನು ತೆರೆದು ನೋಡಿದರೆ ಅದು ಸಾಧನವನ್ನು ಎಬ್ಬಿಸುವ ‘ಡಿವೈಸ್_ರೆಸ್ಯೂಮ್’ ಫಂಕ್ಷನ್‌ನ ಪ್ರವೇಶದಲ್ಲಿದೆ, ಹೊರಬರುವ ಜಾಗದಲ್ಲಿಲ್ಲ. ಸಾಧನಗಳ ಪಟ್ಟಿಯಲ್ಲಿ ಎರಡು ಹೆಸರುಗಳಿವೆ: ಒಂದು ಟಿಟಿವೈ (ಟರ್ಮಿನಲ್) ಸಾಧನ, ಇನ್ನೊಂದು ಪಿಸಿಐ ಸಾಧನ. ಎಲ್‌ಎಸ್‌ಪಿಸಿಐ ಆಜ್ಞೆಯ ಪ್ರಕಾರ ಆ ಪಿಸಿಐ ವಿಳಾಸದಲ್ಲಿರುವುದು ಎಸ್‌ಡಿ ಕಾರ್ಡ್ ರೀಡರ್. ಪುಟಸಂಖ್ಯೆ ಅವರು ಹೇಳಿದಂತೆ ಇದನ್ನು ತೀರ್ಪೆಂದು ಹಿಡಿಯದೆ, ಕಾರ್ಡ್ ರೀಡರ್‌ನ ಮಾಡ್ಯೂಲ್ ಅನ್ನು ಆರ್‌ಎಂಮಾಡ್ ಆಜ್ಞೆಯ ಮೂಲಕ ತೆಗೆದು ಸಸ್ಪೆಂಡ್ ಮಾಡಿದೆ. ಯಂತ್ರ ಎದ್ದಿತು. ಮಾಡ್ಯೂಲ್ ಲೋಡ್ ಮಾಡಿ ಮತ್ತೆ ಮಾಡಿದೆ, ಏಳಲಿಲ್ಲ. ಅದಲುಬದಲಾಗಿ ಮಾಡಿದಾಗಲೂ ಫಲಿತಾಂಶ ಬದಲಾಗಲಿಲ್ಲ.

ಸಾಧನ ತಿಳಿಯಿತು, ಡ್ರೈವರ್‌ನ ಒಳಗೆ ಯಾವ ಜಾಗದಲ್ಲಿ ನಿಲ್ಲುತ್ತಿದೆ ಎಂಬುದನ್ನು ತಿಳಿಯುವುದು ಹೇಗೆ?

ಉತ್ತರ: ನಡುಹಗಲು

ಇಲ್ಲಿಂದ ಮುಂದಕ್ಕೆ ಡಿಪಿಎಂ ವಾಚ್‌ಡಾಗ್ ನೆರವಾಗುತ್ತದೆ. ‘ಕಾನ್ಫಿಗ್_ಡಿಪಿಎಂ_ವಾಚ್‌ಡಾಗ್’ ಇಟ್ಟು ಕರ್ನೆಲ್ ಕಟ್ಟಿದರೆ, ಸಾಧನವೊಂದರ ಸಸ್ಪೆಂಡ್ ಅಥವಾ ರೆಸ್ಯೂಮ್ ಕರೆ ನಿಗದಿತ ಸಮಯದೊಳಗೆ ಮುಗಿಯದಿದ್ದಾಗ ಕರ್ನೆಲ್ ಆ ಕರೆಯ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿ) ಅನ್ನು ಮುದ್ರಿಸಿ, ಉದ್ದೇಶಪೂರ್ವಕವಾಗಿ ಪ್ಯಾನಿಕ್ ಆಗುತ್ತದೆ (ಕೆಲಸ ನಿಲ್ಲಿಸುತ್ತದೆ). ಮೂಲ ಅವಧಿ 120 ಸೆಕೆಂಡ್. ಕಟ್ಟುವಾಗ ಅದನ್ನು 30ಕ್ಕೆ ಇಳಿಸಿಕೊಳ್ಳಿ. ಪ್ಯಾನಿಕ್ ಸಂದೇಶ ಬೂಟ್ ದಾಟಿ ಉಳಿಯಲು ಪಿಸ್ಟೋರ್ ಬೇಕು: ಯುಇಎಫ್‌ಐ ಯಂತ್ರಗಳಲ್ಲಿ ‘ಇಎಫ್‌ಐ_ಪಿಸ್ಟೋರ್’ ಆ ಪಠ್ಯವನ್ನು ಫರ್ಮ್‌ವೇರ್‌ನ ವೇರಿಯಬಲ್‌ಗಳಲ್ಲಿ ಬರೆದಿಡುತ್ತದೆ. ಕೆಲವು ವಿತರಣೆಗಳಲ್ಲಿ ಅದು ನಿಷ್ಕ್ರಿಯವಾಗಿರುತ್ತದೆ, ಮಾಡ್ಯೂಲ್‌ನ ‘ಪಿಸ್ಟೋರ್_ಡಿಸೇಬಲ್’ ಪ್ಯಾರಾಮೀಟರ್ ನೋಡಿಕೊಳ್ಳಿ. ಬೂಟ್ ಸಾಲಿಗೆ ‘ಪ್ಯಾನಿಕ್=10’ ಸೇರಿಸಿದರೆ ಯಂತ್ರ ತಾನಾಗಿ ರೀಬೂಟ್ ಆಗುತ್ತದೆ. ನಂತರ ‘/ಸಿಸ್/ಎಫ್‌ಎಸ್/ಪಿಸ್ಟೋರ್’ನಲ್ಲಿ ಹುಡುಕಿ, ಸಿಸ್ಟಮ್‌ಡಿ ಇರುವಲ್ಲಿ ಆ ಕಡತಗಳನ್ನು ‘/ವಾರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್’ಗೆ ಸಾಗಿಸಿರಬಹುದು. ಈ ಪ್ರಯೋಗ ಮಾಡುವಾಗ ಪಿಎಂ_ಟ್ರೇಸ್ ಅನ್ನು ಆರಿಸಿಡಿ, ಇಲ್ಲದಿದ್ದರೆ ಗಡಿಯಾರ ಸುಮ್ಮನೆ ಕೆಡುತ್ತದೆ.

ಒಂದು ಮಿತಿಯನ್ನು ಗಮನದಲ್ಲಿಡಿ. ಈ ವಾಚ್‌ಡಾಗ್ ಸಾಮಾನ್ಯ ರೆಸ್ಯೂಮ್ ಸುತ್ತನ್ನು ಕಾಯುತ್ತದೆ, ನೋ-ಐಆರ್‌ಕ್ಯೂ ಸುತ್ತನ್ನು ನಂಬಿ ಬಿಡುವಂತಿಲ್ಲ. ನಿಮ್ಮ ಹ್ಯಾಶ್ ಸಾಮಾನ್ಯ ಸುತ್ತಿನ ಫಂಕ್ಷನ್ನನ್ನೇ ತೋರಿಸಿರುವುದರಿಂದ ಫಲ ಸಿಗಬೇಕು.

ಹೈಬರ್ನೇಟ್ ತೊಂದರೆಗೆ ಪ್ರತ್ಯೇಕವಾಗಿ ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೂ ಕಾರ್ಡ್ ರೀಡರಿಗೂ ಸಂಬಂಧವಿರುವಂತೆ ಕಾಣುವುದಿಲ್ಲ. ಹೈಬರ್ನೇಟ್‌ನಲ್ಲಿ ಕರ್ನೆಲ್ ಸ್ಮೃತಿಯ ಪ್ರತಿಯನ್ನು ಸ್ವಾಪ್‌ಗೆ ಬರೆದು, ಸ್ವಾಪ್‌ನ ಮೊದಲ ಪುಟದಲ್ಲಿರುವ ಗುರುತನ್ನು ‘ಎಸ್1ಸಸ್ಪೆಂಡ್’ ಎಂದು ಬದಲಿಸುತ್ತದೆ. ಮತ್ತೆ ಆನ್ ಮಾಡಿದಾಗ ಮೊದಲು ಓಡುವುದು ಸಾಮಾನ್ಯ ಬೂಟ್‌ನ ಕರ್ನೆಲ್ಲೇ. ಅದಕ್ಕೆ ಪ್ರತಿ ಎಲ್ಲಿದೆ ಎಂದು ‘ರೆಸ್ಯೂಮ್=’ ಪ್ಯಾರಾಮೀಟರ್ ಅಥವಾ ಬೂಟ್‌ನ ಆರಂಭದಲ್ಲಿ ಬಳಸುವ ಪುಟ್ಟ ಕಡತ ವ್ಯವಸ್ಥೆಯಾದ ಇನಿಟ್‌ರ‍್ಯಾಮ್‌ಎಫ್‌ಎಸ್ ತಿಳಿಸಬೇಕು. ತಿಳಿಸದಿದ್ದರೆ ಬೂಟ್ ತನ್ನ ಪಾಡಿಗೆ ಮುಂದುವರಿಯುತ್ತದೆ. ಆಮೇಲೆ ಸ್ವಾಪ್‌ಆನ್ ಆಜ್ಞೆ ಆ ಗುರುತನ್ನು ಕಂಡು, ಸಾಮಾನ್ಯ ಸ್ವಾಪ್ ಗುರುತನ್ನು ಮತ್ತೆ ಬರೆದುಬಿಡುತ್ತದೆ. ನಿಮ್ಮ ಪ್ರತಿ ಅಲ್ಲಿಗೆ ಹೋಯಿತು. ‘ಆರುತ್ತದೆ, ಆದರೆ ಹೊಸದಾಗಿ ಬೂಟ್ ಆಗುತ್ತದೆ’ ಎಂಬ ಲಕ್ಷಣಕ್ಕೆ ಅತಿ ಸಾಮಾನ್ಯ ಕಾರಣ ಇದೇ. ‘ಪ್ರೊಕ್’ನಲ್ಲಿರುವ ‘ಸಿಎಂಡಿಲೈನ್’ ಕಡತದಲ್ಲಿ ‘ರೆಸ್ಯೂಮ್=’ ಇದೆಯೇ, ಅದರಲ್ಲಿರುವ ಯುಯುಐಡಿ (ಪಾರ್ಟಿಷನ್‌ನ ಗುರುತುಸಂಖ್ಯೆ) ಈಗಿನ ಸ್ವಾಪ್ ಪಾರ್ಟಿಷನ್‌ದೇ ಹೌದೇ ಎಂದು ನೋಡಿ. ಪಾರ್ಟಿಷನ್ ಅನ್ನು ಯಾವಾಗಲಾದರೂ ಮತ್ತೆ ಫಾರ್ಮ್ಯಾಟ್ ಮಾಡಿದ್ದರೆ ಯುಯುಐಡಿ ಬದಲಾಗಿರುತ್ತದೆ, ಇನಿಟ್‌ರ‍್ಯಾಮ್‌ಎಫ್‌ಎಸ್ ಹಳೆಯದನ್ನೇ ಹುಡುಕುತ್ತಿರುತ್ತದೆ. ಸ್ವಾಪ್ ಕಡತ ಬಳಸುವವರಿಗೆ ‘ರೆಸ್ಯೂಮ್_ಆಫ್‌ಸೆಟ್=’ ಕೂಡ ಬೇಕಾಗುತ್ತದೆ.

ಸ್ವಾಪ್‌ನ ಗಾತ್ರದ ಬಗ್ಗೆ ನೀವು ಚಿಂತಿಸಬೇಕಿಲ್ಲ. ‘/ಸಿಸ್/ಪವರ್/ಇಮೇಜ್_ಸೈಜ್’ನ ಮೂಲ ಬೆಲೆ ರ‍್ಯಾಮ್‌ನ ಸುಮಾರು ಐದರಲ್ಲಿ ಎರಡು ಭಾಗ, ಕರ್ನೆಲ್ ಪ್ರತಿಯನ್ನು ಅಷ್ಟರೊಳಗೆ ತರಲು ಯತ್ನಿಸುತ್ತದೆ. ‘/ಸಿಸ್/ಪವರ್/ಡಿಸ್ಕ್’ ಕಡತವನ್ನು ಓದಿದಾಗ ‘ಡಿಸೇಬಲ್ಡ್’ ಎಂದಷ್ಟೇ ಬಂದರೆ ಸೆಕ್ಯೂರ್ ಬೂಟ್ ಜೊತೆಗಿನ ಲಾಕ್‌ಡೌನ್ ಎಂಬ ಸುರಕ್ಷತಾ ನಿರ್ಬಂಧ ಹೈಬರ್ನೇಟ್ ಅನ್ನು ತಡೆದಿರಬಹುದು. ನಿಮ್ಮಲ್ಲಿ ಬರೆಯುವ ಕೆಲಸ ನಡೆಯುತ್ತಿರುವುದರಿಂದ ಅದಲ್ಲ. ಅದೇ ಕಡತಕ್ಕೆ ‘ಟೆಸ್ಟ್_ರೆಸ್ಯೂಮ್’ ಎಂದು ಬರೆದು, ‘ಸ್ಟೇಟ್’ ಕಡತಕ್ಕೆ ‘ಡಿಸ್ಕ್’ ಎಂದು ಬರೆದರೆ ಕರ್ನೆಲ್ ಪ್ರತಿಯನ್ನು ಬರೆದು, ಯಂತ್ರವನ್ನು ಆರಿಸದೆಯೇ ಅದನ್ನು ಓದಿ ಮರಳುತ್ತದೆ. ಅದು ಸರಿಯಾಗಿ ನಡೆದರೆ ಬರೆಯುವ, ಓದುವ ಭಾಗಗಳಲ್ಲಿ ದೋಷವಿಲ್ಲ, ಬೂಟ್ ದಾರಿಯಲ್ಲಿದೆ ಎಂದು ಗೊತ್ತಾಗುತ್ತದೆ.

ಇದೊಂದನ್ನು ಒತ್ತಿ ಹೇಳಬೇಕು. ಹೈಬರ್ನೇಟ್ ಆಗಿರುವ ಯಂತ್ರದ ಪಾರ್ಟಿಷನ್‌ಗಳನ್ನು ಲೈವ್ ಯುಎಸ್‌ಬಿಯಿಂದಲೋ ಇನ್ನೊಂದು ವ್ಯವಸ್ಥೆಯಿಂದಲೋ ಮೌಂಟ್ ಮಾಡಿ, ಆಮೇಲೆ ಪ್ರತಿಯಿಂದ ರೆಸ್ಯೂಮ್ ಮಾಡಬೇಡಿ. ಎಕ್ಸ್‌ಟಿ4 ಕಡತ ವ್ಯವಸ್ಥೆಯನ್ನು ಓದಲಷ್ಟೇ ಮೌಂಟ್ ಮಾಡಿದರೂ ಅದರದೇ ಜರ್ನಲ್‌ನ (ಬಾಕಿ ಬದಲಾವಣೆಗಳ ದಾಖಲೆ) ಮರುಓಟ ನಡೆದು ಡಿಸ್ಕ್ ಬದಲಾಗಬಹುದು. ಎದ್ದ ಕರ್ನೆಲ್‌ನ ಸ್ಮೃತಿಯಲ್ಲಿರುವ ಕಡತ ವ್ಯವಸ್ಥೆಗೂ ಡಿಸ್ಕ್‌ನಲ್ಲಿರುವುದಕ್ಕೂ ಹೊಂದಿಕೆ ತಪ್ಪಿ ದತ್ತಾಂಶ ನಾಶವಾಗುತ್ತದೆ.

ಹೇಮಾವತಿ_ತೀರ

ಹೈಬರ್ನೇಟ್ ಸರಿಯಾಯಿತು. ನಡುಹಗಲು ಅವರು ಊಹಿಸಿದಂತೆ ಯುಯುಐಡಿ ಹಳೆಯದೇ ಇತ್ತು. ಬದಲಿಸಿ, ಇನಿಟ್‌ರ‍್ಯಾಮ್‌ಎಫ್‌ಎಸ್ ಮತ್ತೆ ಕಟ್ಟಿದ ಮೇಲೆ ತೆರೆದಿಟ್ಟ ಕಿಟಕಿಗಳೆಲ್ಲ ಮರಳಿ ಬರುತ್ತಿವೆ. ಕಾರ್ಡ್ ರೀಡರ್ ಇದ್ದರೂ ಹೈಬರ್ನೇಟ್‌ನಿಂದ ಏಳಲು ಅಡ್ಡಿಯಾಗುತ್ತಿಲ್ಲ. ಬೂಟ್ ಆಗುವಾಗ ಫರ್ಮ್‌ವೇರ್ ಆ ಸಾಧನವನ್ನು ಮೊದಲೇ ಸಜ್ಜುಗೊಳಿಸಿರುವುದು ಇದಕ್ಕೆ ಕಾರಣವಿರಬೇಕು.

ಸಸ್ಪೆಂಡ್ ವಿಷಯದಲ್ಲಿ ವಾಚ್‌ಡಾಗ್ ಪ್ಯಾನಿಕ್ ಪಿಸ್ಟೋರ್‌ನಲ್ಲಿ ಸಿಕ್ಕಿತು. ಸ್ಟ್ಯಾಕ್ ಟ್ರೇಸ್ ಕಾರ್ಡ್ ರೀಡರ್ ಡ್ರೈವರ್‌ನ ರೆಸ್ಯೂಮ್ ಫಂಕ್ಷನ್‌ನಲ್ಲಿ ನಿಲ್ಲುತ್ತದೆ. ಆ ಜಾಗದಲ್ಲಿ ಒಂದು ಲೂಪ್ ಇದೆ: ಸಾಧನದ ಸ್ಥಿತಿ ರಿಜಿಸ್ಟರ್ ಓದುವುದು, ‘ಬ್ಯುಸಿ’ ಬಿಟ್ 1 ಆಗಿರುವವರೆಗೆ ಮತ್ತೆ ಮತ್ತೆ ಓದುತ್ತ ಕಾಯುವುದು. ಕಾಯುವುದಕ್ಕೆ ಸಮಯದ ಮಿತಿಯೇ ಇಲ್ಲ. ರಿಜಿಸ್ಟರ್‌ನ ಬೆಲೆಯನ್ನು ಮುದ್ರಿಸುವ ಒಂದು ಸಾಲು ಸೇರಿಸಿ, ಲೂಪ್‌ಗೆ ಒಂದು ಮಿತಿ ಹಾಕಿ ನೋಡಿದಾಗ ಯಂತ್ರ ಎದ್ದಿತು, ಮುದ್ರಿತವಾದ ಬೆಲೆ ಪ್ರತಿ ಸಲವೂ 0xಎಫ್‌ಎಫ್‌ಎಫ್‌ಎಫ್‌ಎಫ್‌ಎಫ್‌ಎಫ್‌ಎಫ್, ಅಂದರೆ 32 ಬಿಟ್‌ಗಳೂ 1.

ಉತ್ತರ: ಪುಟಸಂಖ್ಯೆ

ಎಲ್ಲ ಬಿಟ್‌ಗಳೂ 1 ಎಂದು ಬಂದದ್ದು ಸಾಧನ ಕೊಟ್ಟ ಉತ್ತರವಲ್ಲ. ಪಿಸಿಐ ಸಾಧನ ಉತ್ತರಿಸದೆ ಹೋದಾಗ ಓದುವವರಿಗೆ ಸಿಗುವ ಬೆಲೆಯೇ ಅದು. ಸಾಧನ ಇನ್ನೂ ವಿದ್ಯುತ್ ಪಡೆದಿಲ್ಲ, ಅಥವಾ ಅದರ ಲಿಂಕ್ ಇನ್ನೂ ಸಜ್ಜಾಗಿಲ್ಲ. ಡ್ರೈವರ್ ಮಾತ್ರ ಅದರಲ್ಲಿನ ಒಂದು ಬಿಟ್ ನೋಡಿ ಸಾಧನ ಕೆಲಸದಲ್ಲಿ ನಿರತವಾಗಿದೆ ಎಂದು ತಿಳಿದು ಎಂದೆಂದಿಗೂ ಕಾಯುತ್ತದೆ. ಪಿಎಂ_ಟೆಸ್ಟ್‌ನಲ್ಲಿ ವಿದ್ಯುತ್ ಕಡಿಯದ ಕಾರಣ ಈ ಬೆಲೆ ಅಲ್ಲಿ ಬರಲಿಲ್ಲ, ಐದೂ ಹಂತಗಳು ಪಾಸಾದವು. ಎಲ್ಲವೂ ಹೊಂದಿಕೊಳ್ಳುತ್ತಿದೆ.

ಲೂಪ್‌ಗೆ ಮಿತಿ ಹಾಕುವುದು ಅಗತ್ಯ, ಆದರೆ ಅಷ್ಟೇ ಸಾಲದು. ಎದ್ದ ಮೇಲೆ ಕಾರ್ಡ್ ಹಾಕಿ ನೋಡಿ, ಬಹುಶಃ ರೀಡರ್ ಕೆಲಸ ಮಾಡುವುದಿಲ್ಲ. ಹಳೆಯ ಕರ್ನೆಲ್‌ನಲ್ಲಿ ಸರಿಯಿದ್ದುದನ್ನು ಯಾವ ಬದಲಾವಣೆ ಕೆಡಿಸಿತು ಎಂದು ಗಿಟ್ ಬೈಸೆಕ್ಟ್‌ನಿಂದ (ಬದಲಾವಣೆಗಳ ಸಾಲನ್ನು ಅರ್ಧರ್ಧ ಮಾಡುತ್ತ ಹುಡುಕುವ ಆಜ್ಞೆ) ಹುಡುಕಿ. ಮೊದಲು ನಡುವಿನ ಬಿಡುಗಡೆಗಳ ಸಿದ್ಧ ಪ್ಯಾಕೇಜ್‌ಗಳನ್ನು ಹಾಕಿ ಯಾವ ಎರಡರ ನಡುವೆ ಕೆಟ್ಟಿತು ಎಂದು ಖಚಿತಪಡಿಸಿಕೊಳ್ಳಿ. ಒಂದು ಬಿಡುಗಡೆಯಿಂದ ಮುಂದಿನದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಿರುತ್ತವೆ. ಪ್ರತಿ ಸುತ್ತಿನಲ್ಲೂ ಅರ್ಧ ಕಳೆಯುವುದರಿಂದ 14 ಸುತ್ತುಗಳಲ್ಲಿ 16,384 ಬದಲಾವಣೆಗಳವರೆಗೆ ಜಾಲಾಡಬಹುದು. ಸಾಧನ ಗೊತ್ತಿರುವುದರಿಂದ ಆ ಡ್ರೈವರ್‌ನ ಡೈರೆಕ್ಟರಿ ಮತ್ತು ‘ಡ್ರೈವರ್ಸ್/ಪಿಸಿಐ’ ಎರಡಕ್ಕೆ ಮಾತ್ರ ಹುಡುಕಾಟವನ್ನು ಸೀಮಿತಗೊಳಿಸಿದರೆ ಸುತ್ತುಗಳು ಬಹಳ ಕಡಿಮೆಯಾಗುತ್ತವೆ. ದೋಷ ಬೇರೆಡೆ ಇದ್ದರೆ ಮಾತ್ರ ಪೂರ್ಣ ಹುಡುಕಾಟಕ್ಕೆ ಹೋಗಬೇಕಾದೀತು. ಪ್ರತಿ ಸುತ್ತಿನಲ್ಲಿ ‘ಆರ್‌ಟಿಸಿವೇಕ್’ ಆಜ್ಞೆಗೆ ‘ಮೆಮ್’ ಮತ್ತು 30 ಸೆಕೆಂಡ್ ಎಂದು ಕೊಟ್ಟರೆ ಯಂತ್ರ ತಾನೇ ಮಲಗಿ ತಾನೇ ಏಳುತ್ತದೆ. ಒಂದು ಸಲ ಎದ್ದ ಮಾತ್ರಕ್ಕೆ ಆ ಕರ್ನೆಲ್ ಅನ್ನು ‘ಗುಡ್’ ಎಂದು ಗುರುತಿಸಬೇಡಿ, ಕೆಲವು ಸಲವಾದರೂ ಮಾಡಿ ನೋಡಿ. ಒಂದು ತಪ್ಪು ಗುರುತು ಇಡೀ ಹುಡುಕಾಟವನ್ನು ಸಂಬಂಧವಿಲ್ಲದ ಬದಲಾವಣೆಯತ್ತ ಒಯ್ಯುತ್ತದೆ.

ವರದಿ ಕಳುಹಿಸುವಾಗ ‘ಗೆಟ್_ಮೇಂಟೇನರ್’ ಸ್ಕ್ರಿಪ್ಟ್ ಓಡಿಸಿ, ಅದು ತೋರಿಸುವ ಡ್ರೈವರ್ ನಿರ್ವಾಹಕರಿಗೂ ಲಿನಕ್ಸ್-ಪಿಎಂ ಮತ್ತು ರಿಗ್ರೆಷನ್ಸ್ ಅಂಚೆಪಟ್ಟಿಗಳಿಗೂ ಒಟ್ಟಿಗೆ ಬರೆಯಿರಿ. ಕೆಡಿಸಿದ ಬದಲಾವಣೆಯ ಗುರುತು, ಪಿಸ್ಟೋರ್‌ನಲ್ಲಿ ಸಿಕ್ಕ ಪೂರ್ಣ ಸ್ಟ್ಯಾಕ್ ಟ್ರೇಸ್, ಎಲ್‌ಎಸ್‌ಪಿಸಿಐಯ ವಿವರವಾದ ಔಟ್‌ಪುಟ್, ಪಿಎಂ_ಟೆಸ್ಟ್‌ನ ಐದು ಫಲಿತಾಂಶಗಳು, ಮಾಡ್ಯೂಲ್ ತೆಗೆದಾಗ ಏಳುತ್ತದೆ ಎಂಬ ಮಾಹಿತಿ ಇಷ್ಟೂ ಇರಲಿ. ವಿತರಣೆಯ ಕರ್ನೆಲ್ ಬದಲು ಮೂಲ ಕರ್ನೆಲ್‌ನ ಇತ್ತೀಚಿನ ಆವೃತ್ತಿಯಲ್ಲೂ ದೋಷ ಇದೆಯೆಂದು ಪರೀಕ್ಷಿಸಿ ಬರೆದರೆ ಅವರ ಮೊದಲ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿರುತ್ತದೆ.

ಹೇಮಾವತಿ_ತೀರ

ಪುಟಸಂಖ್ಯೆ ಅವರ ಊಹೆ ಸರಿ, ಎದ್ದ ಮೇಲೆ ರೀಡರ್ ಕಾರ್ಡನ್ನು ಗುರುತಿಸುತ್ತಿಲ್ಲ. ಡ್ರೈವರ್‌ನ ಡೈರೆಕ್ಟರಿಗೆ ಸೀಮಿತಗೊಳಿಸಿದ ಬೈಸೆಕ್ಟ್ ಮುಗಿದಿದೆ. ಅದು ತೋರಿಸಿದ ಬದಲಾವಣೆ, ಸಾಧನ ಬಳಕೆಯಲ್ಲಿಲ್ಲದಾಗ ವಿದ್ಯುತ್ ಉಳಿಸಲು ಸೇರಿಸಿದ ರನ್‌ಟೈಮ್ ಪಿಎಂ ಕೋಡ್. ಅದನ್ನು ಹಿಂತೆಗೆದು ಇತ್ತೀಚಿನ ಮೂಲ ಕರ್ನೆಲ್ ಕಟ್ಟಿದಾಗ ಸಸ್ಪೆಂಡ್, ರೆಸ್ಯೂಮ್, ಕಾರ್ಡ್ ಓದುವುದು ಮೂರೂ ಸರಿಯಾಗಿವೆ. ವರದಿಯನ್ನು ನೀವು ಹೇಳಿದ ವಿವರಗಳೊಂದಿಗೆ ಕಳುಹಿಸಿದ್ದೇನೆ. ನಿರ್ವಾಹಕರು ಉತ್ತರಿಸಿ, ರಿಜಿಸ್ಟರ್ ಓದುವ ಮೊದಲು ಸಾಧನ ಡಿ0 (ಪೂರ್ಣ ಎಚ್ಚರದ) ಸ್ಥಿತಿಗೆ ಬಂದಿರುವುದನ್ನು ಖಚಿತಪಡಿಸುವ, ಲೂಪ್‌ಗೂ ಮಿತಿ ಹಾಕುವ ಪ್ಯಾಚ್ ಒಂದನ್ನು ಪರೀಕ್ಷೆಗೆ ಕಳುಹಿಸಿದ್ದಾರೆ; ಈಗ ಅದನ್ನು ಕಟ್ಟುತ್ತಿದ್ದೇನೆ.

ಅದು ಮುಖ್ಯ ಕರ್ನೆಲ್ ಸೇರುವವರೆಗೆ ಇದೇ ತೊಂದರೆ ಇರುವವರು, ಸಿಸ್ಟಮ್‌ಡಿಯ ‘ಸಿಸ್ಟಮ್-ಸ್ಲೀಪ್’ ಡೈರೆಕ್ಟರಿಯಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟು, ಮೊದಲ ಆರ್ಗ್ಯುಮೆಂಟ್ ‘ಪ್ರೀ’ ಎಂದು ಬಂದಾಗ ಕಾರ್ಡ್ ರೀಡರ್ ಮಾಡ್ಯೂಲ್ ತೆಗೆದು, ‘ಪೋಸ್ಟ್’ ಎಂದು ಬಂದಾಗ ಮತ್ತೆ ಲೋಡ್ ಮಾಡಿಕೊಳ್ಳಬಹುದು. ಸ್ಕ್ರಿಪ್ಟ್‌ಗೆ ಎಕ್ಸಿಕ್ಯೂಟ್ ಅನುಮತಿ ಕೊಡಲು ಮರೆಯಬೇಡಿ, ಮತ್ತು ಸಸ್ಪೆಂಡ್‌ಗೆ ಮುನ್ನ ಮೌಂಟ್ ಆಗಿರುವ ಕಾರ್ಡ್ ಅನ್ನು ಅನ್‌ಮೌಂಟ್ ಮಾಡಿರಿ, ಇಲ್ಲದಿದ್ದರೆ ಮಾಡ್ಯೂಲ್ ಬಳಕೆಯಲ್ಲಿದೆ ಎಂದು ತೆಗೆಯಲು ಬರುವುದಿಲ್ಲ. ಪ್ಯಾಚ್‌ನ ಪರೀಕ್ಷೆಯ ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.